ಡಬ್ಲಿನ್‌ನ ‘ಸಾಂಪ್ರದಾಯಿಕ’ ಪಬ್‌ಗೆ ಹೋಗುವವರೇ, ಕಾರ್ಡ್ ಯಂತ್ರದ ಮೇಲೆ ಕಣ್ಣಿರಲಿ

ಡಬ್ಲಿನ್‌ಗೆ ಹೋಗುವವರು ದಯವಿಟ್ಟು ಓದಿ. ಟೆಂಪಲ್ ಬಾರ್ ಬಡಾವಣೆಯ ಒಂದು ಪಬ್‌ನಲ್ಲಿ ನಮ್ಮನ್ನು ನಗುನಗುತ್ತಲೇ ಸುಲಿದರು. ಹೆಸರು ಬರೆಯುವುದಿಲ್ಲ. ಬಡಾವಣೆಯ ಹೆಸರನ್ನೇ ಇಟ್ಟುಕೊಂಡಿರುವ ಆ ಪ್ರಸಿದ್ಧ ಕೆಂಪು ಪಬ್ ಮಾತ್ರ ಅಲ್ಲ, ಅದನ್ನು ಸುಮ್ಮನೆ ದೂರಬೇಡಿ.

ದುಬಾರಿ ಎಂಬುದು ಗೊತ್ತಿದ್ದೇ ಹೋಗಿದ್ದು. ಅಲ್ಲಿ ಒಂದು ಪೈಂಟ್ (ದೊಡ್ಡ ಲೋಟ) ಗಿನ್ನೆಸ್ ಕಪ್ಪು ಬಿಯರ್ ಹತ್ತು ಯೂರೋ ದಾಟುತ್ತದೆ, ಬಡಾವಣೆಯಿಂದ ಹೊರಗೆ ನಡೆದರೆ ಆರೇಳಕ್ಕೆ ಸಿಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಜೊತೆಗಿದ್ದ ಭಾವನವರು ಕುಡಿಯುವವರೇ ಅಲ್ಲ. ಖಂಜಿರ ನುಡಿಸುವ ಕೈ ಅವರದು, ಮೇಕೆ ಚರ್ಮದ ಐರಿಷ್ ತಮಟೆ ಬೌರಾನ್ ಅನ್ನು ಹತ್ತಿರದಿಂದ ನೋಡುವ ಆಸೆಯಿತ್ತು. ಬಾಗಿಲಲ್ಲಿ ‘ಪ್ರತಿ ರಾತ್ರಿ ಸಾಂಪ್ರದಾಯಿಕ ಸಂಗೀತ’ ಎಂದು ದೊಡ್ಡದಾಗಿ ಬರೆದಿತ್ತು. ಒಳಗೆ ಒಬ್ಬನೇ ಒಬ್ಬ, ಗಿಟಾರ್ ಮತ್ತು ಕಿವಿಗಡಚಿಕ್ಕುವ ಸ್ಪೀಕರ್. ಬೌರಾನ್ ಇತ್ತು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು! ಪಿಟೀಲಿಲ್ಲ, ಕೊಳಲಿಲ್ಲ.

ಐರಿಷ್ ಪಬ್‌ನ ರೂಢಿ ನಿಮಗೆ ಗೊತ್ತು: ಕೌಂಟರಿಗೆ ಹೋಗಿ ಕೇಳಬೇಕು, ಹಣ ಕೊಡಬೇಕು, ಲೋಟ ಹಿಡಿದು ಬರಬೇಕು. ಟಿಪ್ಸ್ ಯಾರೂ ನಿರೀಕ್ಷಿಸುವುದಿಲ್ಲ. ನಾನು ಕೌಂಟರಿನತ್ತ ಹೊರಟರೆ ಒಬ್ಬ ಹುಡುಗ ಭುಜ ಹಿಡಿದು ‘ಕುಳಿತುಕೊಳ್ಳಿ ಸರ್, ನಾನೇ ತರುತ್ತೇನೆ’ ಎಂದ. ಎಂಥ ಉಪಚಾರ! ಬಿಲ್ಲಿನಲ್ಲಿ ಅದಕ್ಕೆ ಹನ್ನೆರಡೂವರೆ ಶೇಕಡಾ ಸೇವಾ ಶುಲ್ಕ. ಕೇಳಿದ್ದಕ್ಕೆ, ‘ಮೇಜಿಗೆ ತಂದುಕೊಟ್ಟೆನಲ್ಲ ಸರ್’. ದರಪಟ್ಟಿಯನ್ನು ಬಾಗಿಲ ಬಳಿ ಹಾಕಬೇಕೆಂಬ ಕಾನೂನು ಆ ದೇಶದಲ್ಲಿದೆ. ಇವರೂ ಹಾಕಿದ್ದರು, ಕೋಟುಗಳನ್ನು ನೇತುಹಾಕುವ ಗೂಟಗಳ ಹಿಂದೆ.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಆಮೇಲಿನದು ಕೇಳಿ. ಕಾರ್ಡ್ ಕೊಟ್ಟೆ. ಹುಡುಗ ಯಂತ್ರವನ್ನು ತನ್ನ ಕಡೆಗೇ ತಿರುಗಿಸಿಕೊಂಡು ಏನೋ ಒಂದು ಗುಂಡಿ ಒತ್ತಿದ, ಆಮೇಲೆ ನನ್ನ ಕೈಗೆ ಕೊಟ್ಟ. ನನಗೆ ಕಂಡದ್ದು ಪಿನ್ ಕೇಳುವ ಪರದೆ ಮಾತ್ರ. ರಸೀದಿ ಬಂತು. ಮೊತ್ತ ರೂಪಾಯಿಯಲ್ಲಿ! ಕೆಳಗೆ ಸಣ್ಣ ಅಕ್ಷರದಲ್ಲಿ, ಕಾರ್ಡುದಾರರಿಗೆ ಕರೆನ್ಸಿಯ ಆಯ್ಕೆ ನೀಡಲಾಗಿತ್ತು, ಅವರು ರೂಪಾಯಿಯನ್ನು ಆರಿಸಿಕೊಂಡಿದ್ದಾರೆ ಎಂದು ಅಚ್ಚಾಗಿತ್ತು. ಯಾರು ನೀಡಿದರು? ಯಾವಾಗ ನೀಡಿದರು? ನಾನು ಆರಿಸಿಕೊಂಡೆನಂತೆ! ಆ ಸಾಲನ್ನು ಓದಿದಾಗ ಮೈಯೆಲ್ಲ ಉರಿದುಹೋಯಿತು. ಹೀಗೆ ಅಂಗಡಿಯಲ್ಲೇ ರೂಪಾಯಿಗೆ ಪರಿವರ್ತಿಸಿದರೆ ವಿನಿಮಯ ದರ ಅವರದೇ, ಅದರ ಮೇಲಿನ ಲಾಭವೂ ಅವರದೇ. ನನ್ನ ಬ್ಯಾಂಕಿನ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ಹೋಗಿತ್ತು.

‘ರದ್ದು ಮಾಡಿ, ಯೂರೋದಲ್ಲಿ ತೆಗೆದುಕೊಳ್ಳಿ’ ಎಂದೆ.

‘ನಿಮ್ಮ ದೇಶದ ಹಣದಲ್ಲೇ ಬಂದಿದೆ, ನಿಮಗೇ ಅನುಕೂಲವಲ್ಲವೇ?’

‘ನನ್ನನ್ನು ಕೇಳಲಿಲ್ಲವಲ್ಲ?’

‘ಯಂತ್ರ ತಾನಾಗಿಯೇ ಮಾಡುತ್ತದೆ ಸರ್.’

ತಾನಾಗಿಯೇ ಮಾಡುತ್ತದಂತೆ! ಹಾಗಾದರೆ ಆ ಗುಂಡಿ ಒತ್ತಿದ್ದು ಯಾರು? ಮ್ಯಾನೇಜರ್ ಬಂದ. ಅವನದು ಒಂದೇ ಮಾತು, ‘ರಸೀದಿ ಓದಿ.’ ಅಕ್ಕಪಕ್ಕದ ಮೇಜಿನವರು ಲೋಟ ಕೆಳಗಿಟ್ಟು ನಮ್ಮನ್ನೇ ನೋಡತೊಡಗಿದರು. ಭಾವ ನನ್ನ ತೋಳು ಹಿಡಿದು, ‘ಹೋಗಲಿ ಬಿಡಪ್ಪ, ಎಲ್ಲರೂ ನೋಡುತ್ತಿದ್ದಾರೆ, ಬೇಕಾದರೆ ನಾನೇ ಕೊಡುತ್ತೇನೆ’ ಎಂದರು. ಅವರು ಕುಡಿದದ್ದು ಒಂದು ಲೋಟ ಕಿತ್ತಳೆ ರಸ. ಜೊತೆಗೆ ಬಂದ ಭಾವನ ಬಾಯಿಂದ ಈ ಮಾತು ಕೇಳಬೇಕಾಯಿತಲ್ಲ, ಹಣಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಊರಿಗೆ ಬಂದು ಇಮೇಲ್ ಬರೆದೆ. ‘ನಮ್ಮ ಗ್ರಾಹಕರಿಗೆ ಸದಾ ಆಯ್ಕೆ ನೀಡುತ್ತೇವೆ, ಮತ್ತೊಮ್ಮೆ ನಿಮ್ಮನ್ನು ಸ್ವಾಗತಿಸಲು ಕಾತರರಾಗಿದ್ದೇವೆ’ ಎಂಬ ಉತ್ತರ. ಬ್ಯಾಂಕಿನವರು, ‘ಪಿನ್ ನೀವೇ ಒತ್ತಿದ್ದೀರಿ’ ಎಂದು ಕೈತೊಳೆದುಕೊಂಡರು.

ಸಂಗೀತಕ್ಕಾಗಿಯೇ ಹೋಗುವವರು ಟೆಂಪಲ್ ಬಾರ್ ಬಿಟ್ಟು ಸ್ಮಿತ್‌ಫೀಲ್ಡ್ ಬಡಾವಣೆಯ ಕಾಬಲ್‌ಸ್ಟೋನ್ ಪಬ್‌ಗೆ ಹೋಗಿ. ಅಲ್ಲಿ ನುಡಿಸುವವರು ಮೇಜಿನ ಸುತ್ತ ಕುಳಿತು ತಮಗಾಗಿ ನುಡಿಸಿಕೊಳ್ಳುತ್ತಾರೆ. 2021ರಲ್ಲಿ ಆ ಜಾಗದಲ್ಲಿ ಹೋಟೆಲ್ ಕಟ್ಟುವ ಯೋಜನೆ ಬಂದಾಗ ಊರಿನವರು ಬೀದಿಗಿಳಿದು ಪ್ರತಿಭಟಿಸಿದ್ದರು, ನಗರಸಭೆ ಅನುಮತಿ ನಿರಾಕರಿಸಿತು. ಎಲ್ಲೇ ಹೋದರೂ ಯಂತ್ರವನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ, ಯೂರೋ ಎಂದು ಕಾಣುವವರೆಗೆ ಪಿನ್ ಒತ್ತಬೇಡಿ. ಹುಡುಗ ನಕ್ಕರಂತೂ ಇನ್ನೊಮ್ಮೆ ನೋಡಿ.