ರೋಗ ಬಂದ ತೆಂಗಿಗೆ ಸರ್ಕಾರದ ದುಡ್ಡು ಕೊಡಿಸ್ತೀನಿ ಅಂತ ಬರುವವರ ಮಾತು ಕೇಳಿ ಮರ ಕಡಿಸಬೇಡಿ

ಹೊಸದುರ್ಗ, ಹೊಳಲ್ಕೆರೆ ಕಡೆ ತೆಂಗಿನ ತೋಟ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಯಾರೋ ಬಂದು ರೋಗದ ಮರ ಕಡಿಸಿ, ದುಡ್ಡು ಬರುತ್ತೆ ಅಂದರೆ ಕಡಿಸಬೇಡಿ. ನಾನು ಕಡಿಸಿದೆ. 34 ಮರ ಹೋಯಿತು. ಕೈಯಿಂದ 10,300 ರೂಪಾಯಿ ಹೋಯಿತು. ಸರ್ಕಾರದಿಂದ ಒಂದು ಪೈಸೆ ಬರಲಿಲ್ಲ.

ನಮ್ಮದು ಹೊಸದುರ್ಗ ತಾಲ್ಲೂಕು. ಮೂರು ಎಕರೆ ತೆಂಗು, ಅಪ್ಪ ಹಾಕಿದ್ದು. ಎರಡು ವರ್ಷದಿಂದ ಅಣಬೆ ರೋಗ ಹಿಡಿದಿದೆ. ಬುಡದಲ್ಲಿ ಕಂದುಗೆಂಪು ರಸ ಸೋರುತ್ತದೆ, ಕೆಳಗಿನ ಗರಿಗಳು ಜೋತು ಬೀಳುತ್ತವೆ, ಕೊನೆಗೆ ಸುಳಿಯೂ ಹೋಗುತ್ತದೆ. ಒಂದು ಮರದ ಬೇರಿನಿಂದ ಪಕ್ಕದ ಮರಕ್ಕೆ ಹಬ್ಬುತ್ತದೆ. ಕಂಡವರಿಗೆ ಆ ಸಂಕಟ ಗೊತ್ತು.

ಯುಗಾದಿ ಆದ ಮೇಲೆ ಒಬ್ಬ ಬಂದ. ಬೈಕು, ಕೈಯಲ್ಲಿ ಫೈಲು, ಕೊರಳಲ್ಲಿ ಒಂದು ಕಾರ್ಡು. "ತೆಂಗು ಮಂಡಳಿ ಕಡೆಯಿಂದ ಸರ್ವೆಗೆ ಬಂದಿದ್ದೀನಿ ಅಣ್ಣಾ" ಅಂದ. ಕಾರ್ಡು ಓದಿ ನೋಡಲಿಲ್ಲ ನಾನು. ಯಾಕೆಂದರೆ ರೋಗದ ಬಗ್ಗೆ ಅವನು ಸರಿಯಾಗೇ ಮಾತಾಡಿದ. ಬುಡ ತಟ್ಟಿ ನೋಡಿದ, ಅಣಬೆ ತೋರಿಸಿದ. ಮರಕ್ಕೆ 3,000 ಬರುತ್ತೆ, 34 ಮರಕ್ಕೆ ಒಂದು ಲಕ್ಷ ಎರಡು ಸಾವಿರ ಅಂತ ಅಲ್ಲೇ ಮೊಬೈಲಲ್ಲಿ ಲೆಕ್ಕ ಹಾಕಿ ತೋರಿಸಿದ.

ನಿಜ ಹೇಳಬೇಕೆಂದರೆ, ಪೂರ್ತಿ ಕೆಟ್ಟಿದ್ದ ಮರ ಇಪ್ಪತ್ತರ ಮೇಲೆ ಇರಲಿಲ್ಲ. ಒಂದೆರಡು ಗರಿ ಬಾಡಿದ್ದ ಮರಕ್ಕೂ ಅವನು ಕೆಂಪು ಬಣ್ಣ ಬಳಿದ. "ಸಂಖ್ಯೆ ಜಾಸ್ತಿ ಇದ್ದರೆ ನಿಮಗೇ ಒಳ್ಳೇದು ಅಣ್ಣಾ." ನಾನು ಸುಮ್ಮನೆ ನಿಂತಿದ್ದೆ. ಅಮ್ಮ ಮಾತ್ರ ಕೇಳಿದರು, "ಗೊನೆ ಇರೋ ಮರನೂ ಕಡೀಬೇಕೇನಪ್ಪ?" ಅವರ ಮಾತು ಕೇಳಬೇಕಿತ್ತು.

ಫೈಲ್ ಖರ್ಚು ಅಂತ ಮರಕ್ಕೆ 200ರಂತೆ 6,800. ಅರಣ್ಯ ಇಲಾಖೆ ಪರ್ಮಿಶನ್‌ಗೆ ಅಂತ 3,500. ಫೋನ್‌ಪೇಯಲ್ಲಿ ಹಾಕಿದೆ. ಅಲ್ಲಿ ಬಂದ ಹೆಸರು ಬೇರೆ ಯಾರದ್ದೋ. "ಅದು ನಮ್ಮ ಸಾಹೇಬ್ರದ್ದು" ಅಂದ. ಮರುವಾರ ಗರಗಸದವರನ್ನೂ ಅವನೇ ಕರೆತಂದ. ಕಾಂಡಗಳನ್ನೆಲ್ಲ ಕೂಲಿಗೆ ವಜಾ ಅಂತ ಲಾರಿಗೆ ತುಂಬಿಕೊಂಡು ಹೋದರು. ಬುಡ ಹಾಗೇ ನೆಲದಲ್ಲಿ ಬಿಟ್ಟರು.

ಎರಡು ತಿಂಗಳಾದರೂ ದುಡ್ಡಿಲ್ಲ. ತಾಲ್ಲೂಕು ತೋಟಗಾರಿಕೆ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ನನ್ನ ಮಾತೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಮರ ಎಲ್ಲಿದಾವೆ ಯಜಮಾನ್ರೆ?"

ಕಡಿಸಿದೆ ಸಾರ್ ಅಂದೆ.

ಅವರು ಪೆನ್ನು ಕೆಳಗಿಟ್ಟರು. "ಯಾರು ನೋಡಿದ್ರು ಕಡಿಯೋ ಮುಂಚೆ?"

ಆ ಕ್ಷಣ ನನಗೆ ಎಲ್ಲ ಅರ್ಥ ಆಯಿತು. ಹಿಂದೆ ಸಾಲಲ್ಲಿ ನಮ್ಮೂರಿನವರು ಇಬ್ಬರು ನಿಂತಿದ್ದರು. ಕಿವಿ ಕಾದುಹೋಯಿತು. ಮರ ನಿಂತಿರುವಾಗಲೇ ಇಲಾಖೆಯವರು ಬಂದು ನೋಡಿ ಎಣಿಸಬೇಕಂತೆ. ತೆಂಗು ಅಭಿವೃದ್ಧಿ ಮಂಡಳಿಯ ತೋಟ ಪುನಶ್ಚೇತನ ಯೋಜನೆ ಇರುವುದು ಸುಳ್ಳಲ್ಲ. ಆದರೆ ರೋಗದ ಮರ ತೆಗೆಯಲು ಆಗ ಕೊಡುತ್ತಿದ್ದದ್ದು ಮರಕ್ಕೆ 1,000 ರೂಪಾಯಿ, ಅದೂ ಹೆಕ್ಟೇರಿಗೆ 32 ಮರದವರೆಗೆ ಮಾತ್ರ. ಹೊಸ ಸಸಿ ನೆಡಲು, ಉಳಿದ ಮರಗಳ ಆರೈಕೆಗೆ ಬೇರೆ ಸಹಾಯಧನ. ಎಲ್ಲ ಊರಿಗೂ ಒಟ್ಟಿಗೆ ಬರಲ್ಲ, ಆಯ್ಕೆ ಆದ ಪ್ರದೇಶಕ್ಕೆ ಮಾತ್ರ. ನಮ್ಮೂರು ಪಟ್ಟಿಯಲ್ಲೇ ಇರಲಿಲ್ಲ.

ಇನ್ನೊಂದು. ತೆಂಗು ಕಡಿಯಲು ಅರಣ್ಯ ಇಲಾಖೆ ಅನುಮತಿಯೇ ಬೇಕಿಲ್ಲ. 1976ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ತೆಂಗು, ಅಡಿಕೆ, ಸಿಲ್ವರ್ ಓಕ್‌ಗೆಲ್ಲ ವಿನಾಯಿತಿ ಇದೆ. ಇಲ್ಲದ ಪರ್ಮಿಶನ್‌ಗೆ 3,500 ಕೊಟ್ಟಿದ್ದೆ ನಾನು!

ಅವನಿಗೆ ಫೋನ್ ಮಾಡಿದರೆ ಮೊದಲು "ಫೈಲ್ ಬೆಂಗಳೂರಲ್ಲಿದೆ ಅಣ್ಣಾ" ಅಂದ. ಆಮೇಲೆ "ಸರ್ವರ್ ಇಲ್ಲ". ಆಮೇಲೆ "ಸಾಹೇಬ್ರು ಟ್ರಾನ್ಸ್‌ಫರ್ ಆದ್ರು, ಹೊಸಬರು ಇನ್ನೊಂದು ಎರಡು ಸಾವಿರ ಕೇಳ್ತಾರೆ". ಕಚೇರಿಗೆ ಹೋಗಿದ್ದೆ ಅಂತ ಹೇಳಿದ ಕೂಡಲೇ ದನಿ ಬದಲಾಯಿತು. ಅಣ್ಣಾ ಅನ್ನುವುದು ನಿಂತಿತು. "ಕಡಿಸಿದ್ದು ನೀವು. ನಿಮ್ಮ ಮರ, ನಿಮ್ಮ ಇಷ್ಟ. ನಾನು ಬರೆದುಕೊಟ್ಟಿದ್ದೀನಾ?" ನಿಮ್ಮ ಮರ, ನಿಮ್ಮ ಇಷ್ಟ ಅಂತೆ! ಮಾರನೇ ದಿನದಿಂದ ಫೋನೇ ಹೋಗುತ್ತಿಲ್ಲ.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ದುಡ್ಡು ಹೋದ ಕೂಡಲೇ ಮಾಡಬೇಕಿತ್ತು ಅಂದರು. ನಾನು ಮಾಡಿದ್ದು ಎರಡು ತಿಂಗಳ ಮೇಲೆ, ನಾಚಿಕೆಯಿಂದ ಇನ್ನೂ ಎಂಟು ದಿನ ಸುಮ್ನೆ ಕೂತು.

ಈಗ ಜೆಸಿಬಿ ಹಿಡಿದು ಬುಡಗಳನ್ನು ನಾನೇ ತೆಗೆಸುತ್ತಿದ್ದೇನೆ. ಬುಡ ಉಳಿದರೆ ರೋಗ ಅಲ್ಲೇ ಉಳಿದು ಹಬ್ಬುತ್ತದೆ. ಸ್ವಲ್ಪ ಬಾಡಿದ ಮರಗಳ ಸುತ್ತ ಎರಡು ಅಡಿ ಆಳದ ಕಾಲುವೆ ತೋಡಿಸಿ, ವರ್ಷಕ್ಕೆ ಮರಕ್ಕೆ ಐದು ಕೆಜಿ ಬೇವಿನ ಹಿಂಡಿ ಹಾಕಿ ಅಂತ ತೋಟಗಾರಿಕೆ ಕಚೇರಿಯವರು ಹೇಳಿದ್ದಾರೆ. ಅವನು ಬಣ್ಣ ಬಳಿಯುವ ಮುಂಚೆ ಯಾರಾದರೂ ಇಷ್ಟು ಹೇಳಿದ್ದರೆ ಹತ್ತು ಹನ್ನೆರಡು ಮರವಾದರೂ ಇವತ್ತು ನಿಂತಿರುತ್ತಿದ್ದವು.

ರೋಗ ಕಂಡರೆ ನೀವೇ ತೋಟಗಾರಿಕೆ ಕಚೇರಿಗೆ ಹೋಗಿ. ಇಲ್ಲವೇ ಹಿರಿಯೂರಿನ ಬಬ್ಬೂರು ಫಾರಂ ಸಂಶೋಧನಾ ಕೇಂದ್ರದಲ್ಲಿ ಕೇಳಿ. ಮನೆ ಬಾಗಿಲಿಗೆ ಬಂದು ದುಡ್ಡು ಕೇಳಿದವನಿಗೆ ಪಹಣಿ, ಆಧಾರ್ ಜೆರಾಕ್ಸ್ ಕೂಡ ಕೊಡಬೇಡಿ. ನನ್ನದು ಈಗಲೂ ಅವನ ಹತ್ತಿರ ಇದೆ, ಅದಕ್ಕೆ ನಿದ್ದೆ ಬರುತ್ತಿಲ್ಲ.

ನಿನ್ನೆ ಪಕ್ಕದ ಹಳ್ಳಿಯಿಂದ ಒಬ್ಬರು ಫೋನ್ ಮಾಡಿದ್ದರು. ಅವರ ತೋಟದಲ್ಲೂ 20 ಮರಕ್ಕೆ ಕೆಂಪು ಬಣ್ಣ ಬಳಿದು ಹೋಗಿದ್ದಾನಂತೆ. ಇವತ್ತು ಗರಗಸದವರು ಬರಬೇಕಿತ್ತು. ಬೇಡ ಅಂತ ಹೇಳಿ ಕಳಿಸಿದ್ದಾರೆ.