ಸ್ಪೀಕರ್‌ನಲ್ಲಿ ಕುಂಯ್ ಅಂತಿದೆಯಾ? ಅಳತೆ ಮಾಡದೆ ಆಲ್ಟರ್ನೇಟರ್ ಬದಲಿಸಬೇಡಿ

ಕಾರಿಗೆ ಆಂಪ್ಲಿಫಯರ್ ಹಾಕಿಸಿದ ದಿನವೇ ಸ್ಪೀಕರ್‌ಗಳಲ್ಲಿ ಕುಂಯ್ ಅನ್ನುವ ಸದ್ದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಸದ್ದು ಏರುತ್ತಿತ್ತು, ಕಾಲು ತೆಗೆದರೆ ಇಳಿಯುತ್ತಿತ್ತು. ಹಾಕಿದವರು ಮೊದಲು ಪವರ್ ವೈರಿಗೆ ನಾಯ್ಸ್ ಫಿಲ್ಟರ್ ಕೂರಿಸಿದರು. ಸದ್ದು ಹೋಗಲಿಲ್ಲ. ಸ್ಟೀರಿಯೋದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಬದಲಿಸಿದರು. ಆಗಲೂ ಹೋಗಲಿಲ್ಲ. ಕೊನೆಗೆ ಎಂಜಿನ್ ಬಲದಿಂದ ಕರೆಂಟ್ ತಯಾರಿಸುವ ಆಲ್ಟರ್ನೇಟರೇ ಕೆಟ್ಟಿದೆ, ಹೊಸದು ಹಾಕಿಸಿ ಅಂದುಬಿಟ್ಟರು. ಇಷ್ಟೆಲ್ಲ ಆದರೂ ಒಬ್ಬರೂ ಮಲ್ಟಿಮೀಟರ್ ಮುಟ್ಟಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ಬೇರೊಬ್ಬ ಎಲೆಕ್ಟ್ರಿಷಿಯನ್ ಡಿಕ್ಕಿಯ ಕಾರ್ಪೆಟ್ ಎತ್ತಿ, ಆಂಪ್‌ನ ಅರ್ತ್ ವೈರನ್ನು ಕಾರಿನ ಲೋಹದ ಬಾಡಿಗೆ ಬಿಗಿದಿದ್ದ ಬೋಲ್ಟ್ ಬಿಚ್ಚಿದರು. ವೈರಿನ ತುದಿಯ ಲೋಹದ ಉಂಗುರದ (ರಿಂಗ್ ಟರ್ಮಿನಲ್) ಕೆಳಗೆ ಕಾರಿನ ಬಣ್ಣ ಹಾಗೇ ಹೊಳೆಯುತ್ತಿತ್ತು. ಕೆರೆಯದೆ, ಬಣ್ಣದ ಮೇಲೇ ಬಿಗಿದಿದ್ದರು! ಅರ್ತ್ ಸರಿಯಿಲ್ಲದಿದ್ದರೆ ಕರೆಂಟ್ ಆರ್‌ಸಿಎ ಕೇಬಲ್‌ನ ಹೊರಕವಚದ ಮೂಲಕ ದಾರಿ ಹುಡುಕುತ್ತದೆ. ಆಲ್ಟರ್ನೇಟರ್‌ನ ಏರಿಳಿತ ಹಾಡಿನ ಸಿಗ್ನಲ್ ಜೊತೆ ಸೇರಿಕೊಳ್ಳುತ್ತದೆ. ಆಂಪ್ ಅದನ್ನೂ ದೊಡ್ಡದು ಮಾಡುತ್ತದೆ. ಅವರು ಬಣ್ಣ ಕೆರೆದು, ಲೋಹ ಕಾಣುವಂತೆ ಮಾಡಿ ಮತ್ತೆ ಬಿಗಿದರು. ಸದ್ದು ನಿಂತಿತು.

ಹಾಗಾಗಿ ಯಾರಾದರೂ ಬಿಡಿಭಾಗ ಬದಲಿಸಿ ಅಂದರೆ, ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ತೋರಿಸಲು ಹೇಳಿ. ಆಂಪ್‌ನ ಅರ್ತ್ ಮತ್ತು ಬ್ಯಾಟರಿಯ ಮೈನಸ್ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಅರ್ಧ ಓಮ್‌ಗಿಂತ ಜಾಸ್ತಿ ಬಂದರೆ ಅಲ್ಲೇ ತೊಂದರೆ ಇದೆ. ಆಮೇಲೆ ಸಿಸ್ಟಮ್ ಆಫ್ ಮಾಡಿ ಆಂಪ್‌ನಿಂದ ಆರ್‌ಸಿಎ ಕಿತ್ತು, ಮತ್ತೆ ಆನ್ ಮಾಡಿ ನೋಡಿ. ಸದ್ದು ಉಳಿದರೆ ಆಂಪ್‌ನ ಪವರ್ ಅಥವಾ ಅರ್ತ್ ಕಡೆ ಹುಡುಕಿ. ನಿಂತರೆ ಅದು ಸ್ಟೀರಿಯೋ ಅಥವಾ ಕೇಬಲ್ ಕಡೆಯಿಂದ ಬರುತ್ತಿದೆ. ಆಗ ಇನ್ನೊಂದು ಕೇಬಲನ್ನು ಸೀಟುಗಳ ಮೇಲೆ ಸುಮ್ನೆ ಹಾಸಿ ಜೋಡಿಸಿ. ಸದ್ದು ಹೋಯಿತು ಅಂದರೆ ಹಳೆಯ ಕೇಬಲ್ ಪವರ್ ವೈರಿಗೆ ಅಂಟಿಕೊಂಡು ಬಂದಿರಬೇಕು. ಎರಡನ್ನೂ ಕಾರಿನ ಬೇರೆ ಬೇರೆ ಬದಿಯಲ್ಲಿ ಎಳೆಯಬೇಕು.

ಒಂದು ವಿಷಯ ಮರೆಯಬೇಡಿ: ಸಿಸ್ಟಮ್ ಆನ್ ಇರುವಾಗ ಆರ್‌ಸಿಎ ಕೀಳಬೇಡಿ, ಸಿಕ್ಕಿಸಲೂಬೇಡಿ. ಕೆಲವು ಸ್ಟೀರಿಯೋಗಳ ಒಳಗೆ ಆರ್‌ಸಿಎ ಗ್ರೌಂಡ್‌ಗೆ (ಅಂದರೆ ಅರ್ತ್‌ಗೆ) ಪುಟ್ಟ ಫ್ಯೂಸ್ ಇರುತ್ತದೆ. ಅದು ಸುಟ್ಟರೆ ಇದೇ ಕುಂಯ್ ಶುರುವಾಗುತ್ತದೆ, ಹೊರಗಿನ ವೈರ್ ಎಷ್ಟು ಬದಲಿಸಿದರೂ ಹೋಗುವುದಿಲ್ಲ.

ಆಲ್ಟರ್ನೇಟರ್ ಮೇಲೆ ನಿಜವಾಗಿ ಅನುಮಾನ ಇದ್ದರೆ, ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟ್ ಹಾಕಿ, ಬ್ಯಾಟರಿಯಲ್ಲಿ ಎಸಿ ವೋಲ್ಟ್ ಅಳೆಯಿರಿ. ಅರ್ಧ ವೋಲ್ಟ್ ದಾಟಿದರೆ ಆಲ್ಟರ್ನೇಟರ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿರಬಹುದು. ಆದರೆ ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡೋಣ ಅನ್ನುವವರನ್ನು ಬಾನೆಟ್ ಹತ್ತಿರವೂ ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಟ್ಟುಹೋಗಬಹುದು.

ಆಂಪ್ ಇಲ್ಲದ ಕಾರಲ್ಲಿ, ಫೋನನ್ನು ಆಕ್ಸ್‌ಗೆ ಸಿಕ್ಕಿಸಿದಾಗ ಮಾತ್ರ ಹೀಗಾದರೆ, ಚಾರ್ಜರ್ ಕಿತ್ತು ಕೇಳಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಚಾರ್ಜರ್ ಮತ್ತು ಆಕ್ಸ್ ಕೇಬಲ್ ಎರಡೂ ಕಡೆಯಿಂದ ಅರ್ತ್ ಸೇರಿ ಆದ ಸುತ್ತು. ಆಕ್ಸ್ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೋಲೇಟರ್ ಹಾಕಿದರೆ ಸಾಕು, ಡ್ಯಾಶ್‌ಬೋರ್ಡ್ ಬಿಚ್ಚಲು ಯಾರಿಗೂ ಬಿಡಬೇಡಿ.