ಗಿಫ್ಟ್ ತಿಲಾಪಿಯಾ ಅಂತ ಮೀನು ಮರಿ ತರಿಸುವವರು ಒಮ್ಮೆ ಇದನ್ನು ಓದಿ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ತೋಟದ ಕೆರೆಗೆ ಮೀನು ಬಿಡುವ ಯೋಚನೆಯಲ್ಲಿ ಇರುವವರು ಅಡ್ವಾನ್ಸ್ ಹಾಕುವ ಮೊದಲು ಸ್ವಲ್ಪ ತಡೆಯಿರಿ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ, "ಗಿಫ್ಟ್ ತಿಲಾಪಿಯಾ, ಎಲ್ಲ ಗಂಡು ಮರಿ, ಆರು ತಿಂಗಳಲ್ಲಿ ಅರ್ಧ ಕಿಲೋ ಗ್ಯಾರಂಟಿ" ಅಂತ ಹೇಳಿ, ಪಿಕಪ್‌ನಲ್ಲಿ ಮನೆವರೆಗೆ ಮರಿ ತಂದು ಕೊಡುವವರು ಈಗ ನಮ್ಮ ಕಡೆ ಸುಮಾರು ಜನ ಇದ್ದಾರೆ. ಗಿಫ್ಟ್ ಅಂದರೆ ಬೇಗ ಬೆಳೆಯುವ ಹಾಗೆ ಸುಧಾರಿಸಿದ ತಿಲಾಪಿಯಾ ತಳಿ. ಎಲ್ಲರೂ ಕಳ್ಳರು ಅನ್ನುವುದಿಲ್ಲ. ನಮಗೆ ಸಿಕ್ಕಿದ ಆಸಾಮಿ ಮಾತ್ರ ಚೆನ್ನಾಗಿ ಟೋಪಿ ಹಾಕಿದ. ಹೆಸರು, ಊರು ಇಲ್ಲಿ ಹಾಕುವುದಿಲ್ಲ. ಮೋಸ ಹೇಗೆ ಅಂತ ಗೊತ್ತಾದರೆ ಸಾಕು, ಮುಂದಿನವರು ಉಳಿದುಕೊಳ್ಳಬಹುದು.

ನಮ್ಮದು ಅಡಿಕೆ ತೋಟಕ್ಕೆ ನೀರು ಬಿಡಲು ಕೆಂಪುಕಲ್ಲು ಕಡಿದು ಮಾಡಿದ ಕೆರೆ. ಬೇಸಿಗೆಯಲ್ಲೂ ಪೂರ್ತಿ ಬತ್ತುವುದಿಲ್ಲ. ಅಪ್ಪ ಮೊದಲಿನಿಂದಲೂ ಹೇಳಿದ್ದು ಕಾಟ್ಲಾ, ರೋಹು, ಮೃಗಾಲ್ ಹಾಕುವ ಅಂತ. ಮೇಲಿನ ನೀರಲ್ಲಿ ಒಂದು, ನಡುವೆ ಒಂದು, ತಳದಲ್ಲಿ ಒಂದು, ಒಂದಕ್ಕೊಂದು ತೊಂದರೆ ಇಲ್ಲ. ಆದರೆ ಈ ಆಸಾಮಿ ಫೋನಲ್ಲಿ ಅಪ್ಪನ ಹತ್ತಿರವೇ ಮಾತಾಡಿ, "ಕಾಟ್ಲಾ ನಿಮಗೆ ಯಾಕೆ ಸಾರ್, ಮುಳ್ಳು ಜಾಸ್ತಿ, ಒಂದು ವರ್ಷ ಕಾಯಬೇಕು, ಇದು ನೋಡಿ" ಅಂತ ಒಂದೊಂದು ಕೈ ಉದ್ದದ ಮೀನು ಹಿಡಿದ ಫೋಟೋ ಕಳಿಸಿದ. ಅವನ ಡಿಪಿಯಲ್ಲೂ ಅದೇ ಮೀನು. ಅದು ಯಾರ ಕೆರೆಯ ಮೀನೋ ದೇವರಿಗೇ ಗೊತ್ತು.

ಮಾತಾದದ್ದು 1000 ಮರಿಗೆ, ಮರಿಗೆ 8 ರೂಪಾಯಿ, ಅರ್ಧ ದುಡ್ಡು ಮುಂಗಡ. ನಮ್ಮ ಕೆಂಪುಕಲ್ಲಿನ ನೀರು ಸ್ವಲ್ಪ ಹುಳಿ ಇರುತ್ತದೆ ಅಂತ ಎಲ್ಲರಿಗೂ ಗೊತ್ತಲ್ವಾ, ಅದಕ್ಕೆ ಮೊದಲೇ ಸುಣ್ಣ ಹಾಕಿ, ಪಿಎಚ್ ನೋಡುವ ಕಿಟ್ ತಂದು, 7ರ ಹತ್ತಿರ ಬಂದ ಮೇಲೆಯೇ ಮರಿ ತರಲು ಹೇಳಿದ್ದು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ಆಮೇಲೆ ಅವನು ಎಲ್ಲದಕ್ಕೂ ನೀರನ್ನೇ ಬೈದ.

ಮರಿ ಬಂದದ್ದು ಕತ್ತಲಾದ ಮೇಲೆ. ತಂಪು ಹೊತ್ತಲ್ಲಿ ಬಿಡುವುದು ಸರಿಯೇ, ಯಾರೂ ಮಧ್ಯಾಹ್ನದ ಬಿಸಿಲಲ್ಲಿ ಮರಿ ಬಿಡುವುದಿಲ್ಲ. ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಸ್ವಲ್ಪ ಹೊತ್ತು ಕೆರೆಯಲ್ಲಿ ತೇಲಲು ಬಿಟ್ಟು ಆಮೇಲೆ ಬಾಯಿ ಬಿಚ್ಚಿದ, ಅದೂ ಸರಿಯೇ. ಕೆಲಸ ಗೊತ್ತಿದ್ದವನೇ. ನನ್ನ ತಮ್ಮ ಟಾರ್ಚ್ ಹಿಡಿದು ನೋಡಿ, "ಇದೆಂತ, ಕೆಲವು ಬೆರಳುದ್ದ ಉಂಟು, ಕೆಲವು ಅಕ್ಕಿ ಕಾಳಿನಷ್ಟು ಉಂಟು" ಅಂತ ಕೇಳಿದ. "ಎರಡು ಬ್ಯಾಚ್ ಮಿಕ್ಸ್ ಆಗಿದೆ, ಬೆಳೆಯುವಾಗ ಎಲ್ಲ ಒಂದೇ ಆಗ್ತದೆ" ಅಂದ. ಬಿಲ್ ಕೇಳಿದರೆ ಒಂದು ಚೀಟಿಯಲ್ಲಿ "ಮೀನು ಮರಿ 1000" ಅಂತ ಬರೆದು ಕೊಟ್ಟ. ಹ್ಯಾಚರಿ ಹೆಸರಿಲ್ಲ, ಮೀನಿನ ಜಾತಿ ಇಲ್ಲ, ನಂಬರ್ ಇಲ್ಲ, ಸಹಿ ಅಂತ ಒಂದು ಗೀಟು. ಸರಿಯಾದ ಬಿಲ್ ವಾಟ್ಸಾಪ್‌ಗೆ ಹಾಕುತ್ತೇನೆ ಅಂದವನು ಇವತ್ತಿಗೂ ಹಾಕಿಲ್ಲ.

ಆಮೇಲೆ ಫೀಡ್. ತೇಲುವ ಫೀಡ್ ಚೀಲ ಚೀಲ ಹಾಕಿದ್ದೇವೆ. ನೀರುಕಾಗೆ ಬಾರದ ಹಾಗೆ ಮೇಲೆ ಬಲೆ ಕಟ್ಟಿದ್ದೇವೆ. ಮೀನು ಮಾತ್ರ ಅಂಗೈ ಅಗಲಕ್ಕೆ ಬಂದು ಅಲ್ಲೇ ನಿಂತಿತು. ಫೀಡ್ ಎಸೆದರೆ ನೀರೆಲ್ಲ ಕುದಿಯುವ ಹಾಗೆ ಕಾಣುತ್ತದೆ, ಅಷ್ಟು ಮೀನು. ಇಷ್ಟು ಮೀನು ಎಲ್ಲಿಂದ ಅಂತ ಅಮ್ಮನಿಗೇ ಮೊದಲು ಸಂಶಯ ಬಂದದ್ದು.

ಗೊತ್ತಾದದ್ದು ಬಾವ ಮತ್ತು ಅವರ ಮನೆಯವರು ಊಟಕ್ಕೆ ಬಂದ ದಿನ. ಕೆರೆಯ ಮೀನಿನ ಸಾರು ಮಾಡುವ ಅಂತ ನಾವೇ ಕರೆದದ್ದು. ಬಾವ ಬೀಸುಬಲೆ ಹಾಕುವುದರಲ್ಲಿ ಗಟ್ಟಿಗ, ಒಂದೇ ಬೀಸಿಗೆ ಬಕೆಟ್ ಅರ್ಧ ತುಂಬಿತು. ಎಲ್ಲ ಚಿಕ್ಕ ಚಿಕ್ಕದು, ಕಪ್ಪು ಕಪ್ಪು. ಅದರಲ್ಲಿ ಒಂದನ್ನು ಎತ್ತಿ ಹಿಡಿದಾಗ ಅದರ ಬಾಯಿಂದ ಸಣ್ಣ ಸಣ್ಣ ಮರಿಗಳು ಬಕೆಟ್ ನೀರಿಗೆ ಉದುರಿದವು, ಎರಡು ಕಣ್ಣು ಒಂದು ಬಾಲ ಬಿಟ್ಟರೆ ಬೇರೆ ಏನೂ ಕಾಣದಷ್ಟು ಸಣ್ಣದು. ಇನ್ನೊಂದರ ಬಾಯಿಂದ ಹಳದಿ ಮೊಟ್ಟೆ. ಬಾವ ಜೋರಾಗಿ ನಗಲು ಶುರು ಮಾಡಿದರು. "ಎಲ್ಲ ಗಂಡು ಅಂದಿದ್ರಲ್ಲ ಮಾರಾಯ್ರೆ, ಗಂಡಸರು ಹೆರಲು ಶುರು ಮಾಡಿದ್ದು ಯಾವಾಗ?" ಮಕ್ಕಳೆಲ್ಲ ನಗುತ್ತಿದ್ದಾರೆ, ಅಪ್ಪ ಮಾತಿಲ್ಲದೆ ಒಳಗೆ ಹೋದರು. ಆ ದಿನ ನಾನು ಕುಂಬಳೆಗೆ ಹೋಗಿ ಬಂಗುಡೆ ತಂದೆ. ನಮ್ಮದೇ ಕೆರೆಯ ಮೀನು ತಿನ್ನಲು ಕರೆದು ಪೇಟೆಯ ಬಂಗುಡೆ ಬಡಿಸಿದ್ದು, ಇದನ್ನು ಈಗಲೂ ನೆನೆದರೆ ಮೈ ಉರಿಯುತ್ತದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ತಿಲಾಪಿಯಾದ ಹೆಣ್ಣು ಮೊಟ್ಟೆಯನ್ನು, ಮರಿಯನ್ನು ಬಾಯೊಳಗೆ ಇಟ್ಟುಕೊಂಡು ಸಾಕುತ್ತದೆ. ಆಗ ಅದು ಸರಿಯಾಗಿ ತಿನ್ನುವುದೂ ಇಲ್ಲ, ಬೆಳೆಯುವುದೂ ಇಲ್ಲ. ಎರಡು ಮೂರು ತಿಂಗಳಿಗೇ ಮರಿ ಹಾಕಲು ಶುರು. ಕೆರೆ ತುಂಬ ಮರಿ, ಫೀಡ್ ಎಲ್ಲ ಅವಕ್ಕೆ. ಅದಕ್ಕೇ ಹ್ಯಾಚರಿಯಲ್ಲಿ ಮರಿ ತಿನ್ನಲು ಕಲಿತ ಮೊದಲ ಮೂರು ನಾಲ್ಕು ವಾರ ಹಾರ್ಮೋನ್ ಬೆರೆಸಿದ ಫೀಡ್ ಕೊಟ್ಟು ಎಲ್ಲವನ್ನೂ ಗಂಡು ಮಾಡುವುದು. ನೂರರಲ್ಲಿ ಒಂದೆರಡು ತಪ್ಪಬಹುದು, ಒಪ್ಪುವ. ಬಾವನ ಬಕೆಟ್‌ನಲ್ಲಿ ಅರ್ಧಕ್ಕರ್ಧ ಹೆಣ್ಣು! ಅದೂ ಗಿಫ್ಟ್ ಅಲ್ಲವೇ ಅಲ್ಲ. ಗಿಫ್ಟ್‌ನ ಬಾಲದಲ್ಲಿ ಮೇಲಿಂದ ಕೆಳಗೆ ಗೆರೆ ಗೆರೆ ಇರುತ್ತದೆ, ಇದರ ಬಾಲದಲ್ಲಿ ಒಂದು ಗೆರೆ ಇಲ್ಲ. 1952ರಲ್ಲಿ ನಮ್ಮ ದೇಶಕ್ಕೆ ತಂದು ಈಗ ಕಂಡ ಕಂಡ ಹೊಳೆ, ಕೆರೆಗಳಲ್ಲಿ ತುಂಬಿರುವ ಮೊಸಾಂಬಿಕ್ ತಿಲಾಪಿಯಾ ಇದು. ಯಾವುದೋ ಗುಂಡಿಯಿಂದ ಬಲೆ ಹಾಕಿ ಎತ್ತಿದ ಮರಿಗೆ 8 ರೂಪಾಯಿ!

ಈಗ ಅವನ ಉತ್ತರಗಳು ಕೇಳಿ. ಬಾಯಲ್ಲಿ ಮರಿ ಇರುವ ವೀಡಿಯೋ ಕಳಿಸಿದೆ. ಮೊದಲು ನೀಲಿ ಟಿಕ್, ಉತ್ತರ ಇಲ್ಲ. ಫೋನ್ ಮಾಡಿ ಮಾಡಿ ಸಿಕ್ಕಿದಾಗ, "ಏಟ್ಟಾ, ನಿಙ್ಙಳುಡೆ ವೆಳ್ಳಂ ಶೆರಿಯಲ್ಲ." ನೀರು ಸರಿ ಇಲ್ಲದಿದ್ದರೆ ಮೀನು ಸಾಯಬೇಕಪ್ಪಾ, ಹೆರುವುದು ಹೇಗೆ? ಆಮೇಲೆ ಮಳೆಗಾಲದಲ್ಲಿ ತೋಡಿನಿಂದ ಹತ್ತಿ ಬಂದಿರಬೇಕು ಅಂದ. ನಮ್ಮ ಕೆರೆ ಗುಡ್ಡದ ಮೇಲೆ, ತೋಡು ಕೆಳಗೆ, ಮೀನು ಏನು ಆಟೋ ಹಿಡಿದು ಬಂತಾ? ಅದಾದ ಮೇಲೆ "ಮರಿ ಕೊಡುವಾಗ ಜೀವ ಇತ್ತಲ್ವಾ, ನನ್ನ ಜವಾಬ್ದಾರಿ ಅಷ್ಟೇ." ಕೊನೆಗೆ ಹೇಳಿದ್ದು ಎಲ್ಲಕ್ಕಿಂತ ಚಂದ. "ವಿಯೆಟ್ನಾಂ ವರಾಲ್ ಮರಿ ಬಂದಿದೆ, ಸ್ವಲ್ಪ ಬಿಡಿ, ಅದು ಈ ಮರಿಗಳನ್ನೆಲ್ಲ ತಿಂದು ಕ್ಲೀನ್ ಮಾಡ್ತದೆ. ನಿಮಗೆ ಆದ ಕಾರಣ ರೇಟ್ ಕಮ್ಮಿ ಮಾಡ್ತೇನೆ." ವರಾಲ್ ಬೇರೆ ಮೀನುಗಳನ್ನು ತಿನ್ನುವ ಮೀನು, ಅದು ಈ ಮರಿಗಳನ್ನು ತಿನ್ನುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅವನೇ ತಂದು ಹಾಕಿದ ಕಸ ಗುಡಿಸಲು ಅವನದ್ದೇ ಪೊರಕೆ ನಾವು ದುಡ್ಡು ಕೊಟ್ಟು ತೆಗೆದುಕೊಳ್ಳಬೇಕಂತೆ! ಬಾಯಿಗೆ ಬಂದ ಹಾಗೆ ಬೈದೆ. ಬ್ಲಾಕ್ ಮಾಡಿದ.

ತಿಲಾಪಿಯಾ ಬೇಕೇ ಬೇಕು ಅನ್ನುವವರು ಲೈಸೆನ್ಸ್ ಇರುವ ಹ್ಯಾಚರಿಯ ಬಿಲ್ ಇಲ್ಲದೆ ಒಂದು ಮರಿಯನ್ನೂ ಕೆರೆಗೆ ಇಳಿಸಬೇಡಿ. ಕೇರಳದಲ್ಲಿ 2014ರ ಮೀನು ಬೀಜ ಕಾಯ್ದೆ ಅಂತ ಒಂದಿದೆ, ಮರಿ ಮಾಡಿ ಮಾರುವವರಿಗೆ ಲೈಸೆನ್ಸ್ ಬೇಕು, ಅದರ ನಂಬರ್ ಕೇಳಿದ ಕೂಡಲೇ ಮಾತು ತಿರುಗಿಸಿದರೆ ಅಲ್ಲಿಗೇ ಬಿಡಿ. ಒಂದೇ ಚೀಲದಲ್ಲಿ ದೊಡ್ಡದು ಸಣ್ಣದು ಬೆರಕೆ ಇದ್ದರೆ ಬಾಕಿ ದುಡ್ಡು ಕೊಡಬೇಡಿ. ಜಾತಿಯ ಹೆಸರು, "ಎಲ್ಲ ಗಂಡು" ಅನ್ನುವುದು ಬಿಲ್‌ನಲ್ಲೇ ಬರೆಸಿ. ಮತ್ಸ್ಯಭವನದವರನ್ನು (ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿ) ಮೊದಲೇ ಕೇಳಿದರೆ ಎಲ್ಲಿ ಒಳ್ಳೆಯ ಮರಿ ಸಿಗುತ್ತದೆ ಅಂತ ಅವರೇ ಹೇಳುತ್ತಾರೆ, ನಾನೂ ಈಗ ದೂರು ಬರೆದು ಕೊಟ್ಟದ್ದು ಅಲ್ಲಿಗೇ. ಕೋಡಿ ಹರಿಯುವ ಕಡೆ ಸಣ್ಣ ಕಣ್ಣಿನ ಬಲೆ ಕಟ್ಟಿ. ನಾವು ಕಟ್ಟಿದ್ದೇವೆ, ಇಲ್ಲದಿದ್ದರೆ ಈ ದರಿದ್ರ ಕೆಳಗಿನವರ ಗದ್ದೆಗೂ ಹೋಗುತ್ತಿತ್ತು.

ಬರುವ ಬೇಸಿಗೆಯಲ್ಲಿ ಪಂಪ್ ಇಟ್ಟು ಕೆರೆ ಪೂರ್ತಿ ಖಾಲಿ ಮಾಡಿ ಒಣಗಿಸಬೇಕು, ಬೇರೆ ದಾರಿ ಇಲ್ಲ. ಬಲೆಯಲ್ಲಿ ಹಿಡಿದರೆ ಕಲ್ಲಿನ ಸಂದಿಯಲ್ಲಿ ಉಳಿದ ಒಂದು ಜೋಡಿ ಸಾಕು, ಪುನಃ ಅದೇ ಕತೆ. ಆಮೇಲೆ ಅಪ್ಪ ಹೇಳಿದ ಕಾಟ್ಲಾ, ರೋಹು. ಇದೇ ರೀತಿ ಚೀಟಿ ಬಿಲ್, ಕತ್ತಲ ಹೊತ್ತಿನ ಪಿಕಪ್, ವರಾಲ್ ಆಫರ್ ಬೇರೆ ಯಾರಿಗಾದರೂ ಸಿಕ್ಕಿದ್ದರೆ ಚಾಟ್ ಅಳಿಸಬೇಡಿ, ನೀವೂ ಒಂದು ದೂರು ಕೊಡಿ. ಒಬ್ಬನೇ ಕೊಟ್ಟರೆ "ನೋಡುವ" ಅನ್ನುತ್ತಾರೆ, ನಾಲ್ಕು ಜನ ಕೊಟ್ಟರೆ ನೋಡಲೇಬೇಕಾಗುತ್ತದೆ.